ಹೊಟ್ಟೆಯುಬ್ಬರ ಮತ್ತು 60 ಮೈಲಿಯ ದಾರಿ

1809ರಲ್ಲಿ ಅಮೆರಿಕದ ಕೆಂಟಕಿ ಸೀಮೆಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆ ಉಬ್ಬತೊಡಗಿತು. ಬಸಿರು ಎಂದರು ಅಲ್ಲಿನ ವೈದ್ಯರು. ದೂರದಿಂದ ಬಂದ ಎಫ್ರೇಮ್ ಮ್ಯಾಕ್‌ಡವೆಲ್ ಎಂಬ ಶಸ್ತ್ರವೈದ್ಯರು ಪರೀಕ್ಷಿಸಿ, ಇದು ಅಂಡಾಶಯದ ಗಡ್ಡೆ, ಡ್ಯಾನ್‌ವಿಲ್‌ಗೆ ಬಂದರೆ ತೆಗೆಯಲು ಯತ್ನಿಸುತ್ತೇನೆ ಎಂದರು. ಆಕೆ ಕುದುರೆ ಏರಿ 60 ಮೈಲಿ ಹೋದಳು. ಅರಿವಳಿಕೆ ಬರಲು ಇನ್ನೂ 37 ವರ್ಷ ಬಾಕಿ ಇತ್ತು. ಸುಮಾರು 25 ನಿಮಿಷದಲ್ಲಿ 10 ಕಿಲೋ ತೂಕದ ಗಡ್ಡೆ ಹೊರಬಂತು. ಆಕೆ ಮತ್ತೆ 32 ವರ್ಷ ಬದುಕಿದಳು ಎಂದರೆ ಅದು ಕ್ಯಾನ್ಸರ್ ಆಗಿರಲಾರದು. ಆದರೆ ಅಂಡಾಶಯದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೂ ದಾರಿ ತೆರೆದದ್ದು ಅದೇ.

ಈ ಕಾಯಿಲೆಯ ಚರಿತ್ರೆಯಲ್ಲಿ ಹೀಗೆ ಎರಡು ದಾರಿಗಳಿವೆ: ಕಾಯಿಲೆಯನ್ನು ಗುರುತಿಸುವ ದಾರಿ, ಗುರುತಿಸಿದ ಮೇಲೆ ಆಸ್ಪತ್ರೆ ಮುಟ್ಟುವ ದಾರಿ. ನಮ್ಮ ಹುಲಿಗಿಯಿಂದ ನೋಡಿದರೆ ಎರಡನೆಯದು ಈಚೆಗೆ ತುಸು ಹತ್ತಿರವಾಗಿದೆ. ಮೊದಲನೆಯದು ಇನ್ನೂ ದೂರವೇ ಇದೆ.

ಹೊಟ್ಟೆ ಕೊಯ್ಯದೆ ಒಳಗಿನದನ್ನು ಕಾಣುವುದು ಸಾಧ್ಯವಾದದ್ದು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅವರಿಂದ. ಜಠರದ ಕ್ಯಾನ್ಸರ್ ಬಲಿತು ಹೊಟ್ಟೆಯಲ್ಲಿ ನೀರು ತುಂಬಿದೆ ಎಂದು ಉಳಿದವರು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಗೆ ಅವರು ಅಲ್ಟ್ರಾಸೌಂಡ್ ಹಿಡಿದರು. ಕಂಡದ್ದು ಅಂಡಾಶಯದ ದೊಡ್ಡ ನೀರುಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು. ಆ ವರದಿ 1958ರಲ್ಲಿ ಪ್ರಕಟವಾಯಿತು. 1981ರಲ್ಲಿ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರ ಸಂಶೋಧನೆಯಿಂದ ಸಿಎ-125 ರಕ್ತಪರೀಕ್ಷೆಗೆ ದಾರಿಯಾಯಿತು. ಆದರೆ ಹೊಟ್ಟೆಯ ಕ್ಷಯದಲ್ಲೂ ಸಿಎ-125 ಏರುತ್ತದೆ, ಹೊಟ್ಟೆಯಲ್ಲಿ ನೀರೂ ತುಂಬುತ್ತದೆ. ಕ್ಷಯ ಇನ್ನೂ ಉಳಿದಿರುವ ನಮ್ಮ ನಾಡಿನಲ್ಲಿ ಒಂದೇ ರಿಪೋರ್ಟ್ ನೋಡಿ ತೀರ್ಮಾನಿಸಿದರೆ ಎರಡೂ ಕಡೆ ಅಪಾಯ. ಅಂಗಾಂಶದ ತುಣುಕೋ ಹೊಟ್ಟೆಯ ನೀರೋ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆಯ ಕಥೆ ಹೆಚ್ಚು ಭರವಸೆಯದು. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸುವಾಗ ಪ್ಲಾಟಿನಂ ಸಂಯುಕ್ತವೊಂದು ಅವುಗಳ ವಿಭಜನೆ ತಡೆಯುವುದನ್ನು ಕಂಡರು. ಅದರಿಂದ ಬಂದ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ, ಮನ್ರೋ ವಾಲ್ ಅವರೊಡನೆ ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲ್ ಬೇರ್ಪಡಿಸಿದರು. 1992ರಲ್ಲಿ ಅದಕ್ಕೆ ಅಂಡಾಶಯದ ಕ್ಯಾನ್ಸರ್‌ಗಾಗಿಯೇ ಮೊದಲ ಅನುಮತಿ ಸಿಕ್ಕಿತು. ಗಡ್ಡೆ, ಗರ್ಭಕೋಶ, ಕರುಳ ಮೇಲಿನ ಕೊಬ್ಬಿನ ಪದರ ತೆಗೆದು ಪ್ಲಾಟಿನಂ ಜೊತೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡುವುದು ಇಂದಿಗೂ ಮುಖ್ಯ ಕ್ರಮ.

ಈ ಔಷಧಗಳು ಕೊಪ್ಪಳ ಸೀಮೆಯ ಬಡವರಿಗೆ ದಕ್ಕಲು ಆಸ್ಪತ್ರೆಯೂ ಬೇಕಿತ್ತು, ಹಣವೂ ಬೇಕಿತ್ತು. 1973ರಲ್ಲಿ ಆರಂಭವಾದ ಕಿದ್ವಾಯಿ ಇರುವುದು ಬೆಂಗಳೂರಿನಲ್ಲಿ. ಮುನಿರಾಬಾದಿನಲ್ಲಿ ರೈಲು ಹತ್ತಿದವರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಅದಕ್ಕಿಂತ ಹತ್ತಿರ, ಆದರೂ 100 ಕಿಲೋಮೀಟರ್ ಮೀರಿದ ದಾರಿ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ನಮ್ಮ ಕಲಬುರಗಿ ವಿಭಾಗದಲ್ಲೇ ಮೊದಲು ಶುರುವಾಗಿ, ಬಿಪಿಎಲ್ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಯ ಖರ್ಚು ಹೊತ್ತಿತು. ಯೋಜನೆ ಇದ್ದ ಹಳ್ಳಿಗಳನ್ನು ಇಲ್ಲದ ಹಳ್ಳಿಗಳೊಂದಿಗೆ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ, ಯೋಜನೆಗೆ ಒಳಪಟ್ಟ ಕಾಯಿಲೆಗಳ ಸಾವು ಬಡವರಲ್ಲಿ ಕಡಿಮೆ ಇದ್ದುದನ್ನು ತೋರಿಸಿತು. ಕಾರ್ಡೊಂದು ಜೀವ ಉಳಿಸಬಲ್ಲದು ಎಂಬುದಕ್ಕೆ ನಮ್ಮ ಹಳ್ಳಿಗಾಡಿನಿಂದಲೇ ಬಂದ ಸಾಕ್ಷಿ ಇದು.

ಮೊದಲ ದಾರಿ ಮಾತ್ರ ಸವೆದಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ತಪಾಸಣೆಯ ಅಂತಿಮ ಫಲಿತಾಂಶ 2021ರಲ್ಲಿ ಬಂತು: ತೊಂದರೆ ಇಲ್ಲದವರನ್ನು ಸಿಎ-125, ಸ್ಕ್ಯಾನ್‌ಗಳಿಂದ ಪರೀಕ್ಷಿಸುತ್ತ ಹೋದರೂ ಸಾವು ಇಳಿಯಲಿಲ್ಲ. ಆದ್ದರಿಂದ ಹೆಂಗಸು ಹೇಳುವ ಮಾತೇ ಮುಖ್ಯ. 2007ರಲ್ಲಿ ಬಾರ್ಬರಾ ಗಾಫ್ ಮತ್ತು ಸಂಗಡಿಗರು ಆ ಮಾತುಗಳನ್ನು ಪಟ್ಟಿ ಮಾಡಿದರು: ಹೊಟ್ಟೆ ಉಬ್ಬುವುದು, ಎರಡು ತುತ್ತಿಗೇ ಸಾಕೆನಿಸುವುದು, ಕಿಬ್ಬೊಟ್ಟೆ ನೋವು. ಇವು ಹೊಸದಾಗಿ ಶುರುವಾಗಿ ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ ಪರೀಕ್ಷೆ ಬೇಕು. ಪದೇ ಪದೇ ಮೂತ್ರದ ಅವಸರವೂ ಇಂಥದೇ ಸೂಚನೆ.

ನಮ್ಮಲ್ಲಿ ಇದಕ್ಕೆಲ್ಲ "ಗ್ಯಾಸ್ ಆಗೈತಿ ಬಿಡು" ಎಂಬುದೇ ಉತ್ತರ. "ಗರ್ಭಚೀಲ ತೆಗಿಸೀನಿ, ಇನ್ನೇನೈತಿ" ಎನ್ನುವವರೂ ಇದ್ದಾರೆ. ಗರ್ಭಚೀಲ ತೆಗೆದರೂ ಅಂಡಾಶಯ ಉಳಿದಿರಬಹುದು. ಅಮೆರಿಕದ ಲೆಕ್ಕದಲ್ಲಿ, ಅಂಡಾಶಯದಲ್ಲೇ ಇರುವಾಗ ಕ್ಯಾನ್ಸರ್ ಸಿಕ್ಕರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿ 5 ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ್ದರೆ 30ರ ಆಸುಪಾಸು. ಮೂರನೆಯ ಬಾರಿ ಗ್ಯಾಸ್ ಗುಳಿಗೆ ಕೊಳ್ಳುವ ಮೊದಲು ಅಮ್ಮನನ್ನೋ ಅಕ್ಕನನ್ನೋ ಒಂದು ಸ್ಕ್ಯಾನ್‌ಗೆ ಕರೆದೊಯ್ಯುವುದು ನಮ್ಮ ಕೈಯಲ್ಲೇ ಇದೆ.