ಧಾರವಾಡ ಸೀಮೆಯ ವಲಸೆ ಹಕ್ಕಿಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಿಗೂ ಕಲಘಟಗಿಯ ಅರೆಮಲೆನಾಡಿನ ಕೆರೆಗಳಿಗೂ ಮಳೆಗಾಲದ ಕೊನೆಯಿಂದ ಬಂದು ಸೇರಿ, ಫೆಬ್ರುವರಿಯಿಂದ ಏಪ್ರಿಲ್‌ ಒಳಗೆ ಉತ್ತರಕ್ಕೆ ಮರಳುವ ಹಕ್ಕಿಗಳು ಹಲವು. ವಲಸೆ ಹಕ್ಕಿ ಎಂದಕೂಡಲೇ ಕೆರೆ ನೆನಪಾಗುತ್ತದೆ. ಈ ಸೀಮೆಯ ಮಟ್ಟಿಗೆ ಅದು ಅರ್ಧ ಸತ್ಯ. ಹಿಂಗಾರಿ ಹೊಲವೂ ಅಷ್ಟೇ ಮುಖ್ಯ.

ಬಿಳಿಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊಲಕ್ಕೆ ಇಳಿಯುತ್ತದೆ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ನಸುಗುಲಾಬಿ. ಒಂದು ಹಕ್ಕಿ ತೆನೆಗೆ ಜೋತುಬಿದ್ದು ನಾಲ್ಕು ಕಾಳು ಕೀಳುವಷ್ಟರಲ್ಲಿ ಕವಣೆಯ ಕಲ್ಲು ಬೀಸಿಬರುತ್ತದೆ, ಇಡೀ ಹಿಂಡು ಎದ್ದು ಪಕ್ಕದವರ ಹೊಲ ಸೇರುತ್ತದೆ. ರೈತನ ಸಿಟ್ಟು ಸಹಜವೇ. ಆದರೆ ಕಡಲೆಯ ಕಾಯಿಕೊರಕ ಹುಳುವನ್ನು ಹೆಕ್ಕುವುದೂ ಇದೇ ಹಕ್ಕಿ, ಆ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಮಧ್ಯ ಏಷ್ಯಾದ ಬಯಲುಗಳಲ್ಲಿ ಮಿಡತೆ ಹೆಚ್ಚುವ ಮೇ–ಜೂನ್‌ನಲ್ಲಿ ಅದು ಮರಿಮಾಡಬೇಕು. ಹಾಗಾಗಿ ಇಲ್ಲಿ ಜೋಳದ ರಾಶಿ ಮುಗಿದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಹೊಲದ ಮೇಲೆ ತೀರ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ ಹುಡುಕುವ ಹ್ಯಾರಿಯರ್ ಗಿಡುಗಗಳೂ ಅದೇ ದಿನಗಳಲ್ಲಿ ಹೊರಡುತ್ತವೆ.

ದೊಡ್ಡ ಹೆಸರು ಮಾತ್ರ ಪಟ್ಟೆತಲೆ ಹೆಬ್ಬಾತಿನದು. ಬಿಳಿತಲೆಯ ಹಿಂಬದಿಗೆ ಎರಡು ಕಪ್ಪು ಅಡ್ಡಪಟ್ಟೆ, ಕಿತ್ತಳೆ ಕಾಲು. ಇದರ ಪ್ರಸಿದ್ಧ ನೆಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಅದು ಧಾರವಾಡ ಜಿಲ್ಲೆಯದೇ. ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಹೆಬ್ಬಾತುಗಳಿಗೆ ಕೆರೆ ವಸತಿ ಮಾತ್ರ, ಊಟ ಸುತ್ತಲಿನ ಹೊಲಗಳಲ್ಲಿ. ಬೇಸಿಗೆಗೆ ಮುಂಚೆ ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಹೋಗುತ್ತವೆ. ಉಪಕರಣ ಕಟ್ಟಿ ಅಳೆದಾಗ ಗರಿಷ್ಠ 7,290 ಮೀಟರ್ ಎತ್ತರ ದಾಖಲಾಗಿದೆ. ಒಂದೇ ಎತ್ತರದಲ್ಲಿ ಹಾರದೆ, ಬೆಟ್ಟ ಏರಿದಂತೆ ಏರಿ, ಕಣಿವೆ ಬಂದಾಗ ಇಳಿದು ಅವು ಕಸುವು ಉಳಿಸಿಕೊಳ್ಳುತ್ತವೆ.

ಕಲಘಟಗಿ ತಾಲ್ಲೂಕಿನಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಹುಬ್ಬಳ್ಳಿಗೆ ನೀರು ಕೊಡುವ ಜಲಾಶಯ. ಇಂಥ ಕಡೆ ಅಪರೂಪದ ಹಕ್ಕಿ ಸಿಗುವುದು ಬಹುಮಟ್ಟಿಗೆ ನೀರಿನ ಮಟ್ಟದ ಮೇಲೆ ನಿಂತಿದೆ. ತುಂಬಿದ್ದರೆ ಬಾತುಗಳಿಗೆ ಹಬ್ಬ. ಇಳಿದು ಅಂಚಿನ ಕೆಸರು ತೆರೆದರೆ ಉದ್ದಕಾಲಿನ ಗೊರವಗಳ ಸರದಿ. ಮಾರ್ಚ್‌ನ ಇಳಿನೀರು ಹಕ್ಕಿ ನೋಡುವವರಿಗೆ ಒಳ್ಳೆಯ ಕಾಲ, ಪೂರ್ತಿ ಬತ್ತಿದರೆ ಯಾರಿಗೂ ಇಲ್ಲ. 2016–17ರ ಬರದಲ್ಲಿ ಹಾಗೆಯೇ ಆಯಿತು.

ಈ ಸೀಮೆಯ ಹಕ್ಕಿಗಳನ್ನು ಬರೆದಿಟ್ಟವರಲ್ಲಿ ಮೊದಲಿಗರಲ್ಲೊಬ್ಬ ವಾಲ್ಟರ್ ಎಲಿಯಟ್. 1824ರ ಕಿತ್ತೂರು ದಂಗೆಯಲ್ಲಿ ಸೆರೆಸಿಕ್ಕಿದ ಬ್ರಿಟಿಷ್ ಅಧಿಕಾರಿಗಳಲ್ಲಿ ಈತನೂ ಒಬ್ಬ. ಈತನ ಟಿಪ್ಪಣಿಗಳನ್ನು ಪಕ್ಷಿತಜ್ಞ ಜರ್ಡನ್ ತನ್ನ ಪಕ್ಷಿಪಟ್ಟಿಗೆ ಬಳಸಿಕೊಂಡ. 1881ರಲ್ಲಿ ಇ. ಎ. ಬಟ್ಲರ್ ದಖ್ಖನ್ ಮತ್ತು (ಧಾರವಾಡವೂ ಸೇರಿದ್ದ) ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಪ್ರಕಟಿಸಿದ.

ವಲಸೆ ಹಕ್ಕಿಗಳೆಲ್ಲ ಉತ್ತರದವೇ ಅಲ್ಲ. ಉಳಿದವು ಹೋದ ಮೇಲೆ, ಮುಂಗಾರಿನ ಜೊತೆ ಆಫ್ರಿಕಾದಿಂದ ಸಮುದ್ರ ದಾಟಿ ಚಾತಕ ಬರುತ್ತದೆ. ತಾನು ಗೂಡು ಕಟ್ಟದೆ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ.