ಐಫೋನಿಗಿಂತ ಮುಂಚಿನ ಸಿಂಪ್ಯೂಟರ್

ಮಳಖೇಡದ ನನ್ನ ಮೊಬೈಲ್ ರಿಪೇರಿ ಅಂಗಡಿಗಿ ಬರೋ ಹುಡುಗರು ಟಚ್ ಅಂದ್ರ 2007ರ ಐಫೋನಿನಿಂದಲೇ ಶುರು ಅಂತಾರ. ಸುಳ್ಳ್ರಿ. 2001ರೊಳಗೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರರು ಕೂಡಿ ಸಿಂಪ್ಯೂಟರ್ ಅನ್ನೋ ಕೈಗಣಕ ಮಾಡಿ ತೋರಿಸಿದ್ರು. ಕಡ್ಡಿಲಿಂದ ಪರದೆ ಮುಟ್ಟಬೇಕು. ಆಗಿನ ಬ್ಯಾರೆ ಕೈಗಣಕಗಳೊಳಗ ಪಾಮ್‌ಗೆ ತನ್ನದೇ ಪಾಮ್ ಓಎಸ್, ಕಾಂಪ್ಯಾಕ್‌ನ ಐಪ್ಯಾಕ್‌ಗೆ ಮೈಕ್ರೋಸಾಫ್ಟ್‌ನ ವಿಂಡೋಸ್. ಸಿಂಪ್ಯೂಟರಿಗೆ ಲೈಸೆನ್ಸ್ ದುಡ್ಡು ಕೇಳದ ಲಿನಕ್ಸ್. ಓದಾಕ ಬಾರದವರಿಗೆ ಕನ್ನಡದಾಗೇ ಓದಿ ಹೇಳಬೇಕನ್ನೋ ಹಂಬಲ. ಒಂದೇ ಯಂತ್ರ ಊರಮಂದಿಯೆಲ್ಲ ಹಂಚ್ಕೊಳ್ಳಲಿ ಅಂತ ಸ್ಮಾರ್ಟ್‌ಕಾರ್ಡ್ ಕಿಂಡಿ ಬ್ಯಾರೆ! ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ 2004ರ ಅಮಿಡಾ ಮಾದರಿಯಂತೂ ಕೈ ಓರೆ ಮಾಡಿದ್ರ ಪುಟ ತಿರುವತಿತ್ತು. ಬೆಲೆ ಮಾತ್ರ ಸುಮಾರು 10,000 ರೂಪಾಯಿಯಿಂದ ಶುರು. ಅಷ್ಟು ಕೊಟ್ಟರೂ ಅದು ಫೋನ್ ಅಲ್ಲ. ಮಂದಿ ಕೊಳ್ಳಲಿಲ್ಲ. ಸೋತದ್ದು ಯಂತ್ರ, ಲಿನಕ್ಸ್ ಗೆದ್ದದ. ನನ್ನ ಮೇಜಿನ ಮ್ಯಾಗ ರಿಪೇರಿಗಿ ಬಂದ ಆಂಡ್ರಾಯ್ಡ್ ಫೋನ್‌ಗಳೊಳಗೆಲ್ಲ ಅದರ ಕರ್ನಲ್ಲೇ ಅದ.