ಕಡಲಡಿಯ ತಂತಿ ಕಲಿಸಿದ್ದು

ನನ್ನ ಸಂಶೋಧನೆಯಲ್ಲಿ ಮೈಕ್ರೋಕಂಟ್ರೋಲರ್ ಒಂದು ಅಳತೆಗಳನ್ನು ಬಿಟ್ ಬಿಟ್ಟಾಗಿ, ಸಾಲಾಗಿ, ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ. ತಂತಿ ಎರಡು ಮೀಟರ್ ಇದ್ದರೆ ತಕರಾರಿಲ್ಲ. ನೂರು ಮೀಟರ್ ಆದಾಗ ವೇಗ ಹೆಚ್ಚಿಸಿದಷ್ಟೂ ಬಿಟ್‌ಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಈ ಸಮಸ್ಯೆಗೆ ಕಂಪ್ಯೂಟರಿಗಿಂತ ಹೆಚ್ಚು ವಯಸ್ಸಾಗಿದೆ.

1858ರ ಆಗಸ್ಟ್‌ನಲ್ಲಿ ಐರ್ಲೆಂಡಿಗೂ ನ್ಯೂಫೌಂಡ್‌ಲೆಂಡಿಗೂ ನಡುವೆ, ಅಟ್ಲಾಂಟಿಕ್‌ನ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಸಿ ಮುಗಿಸಿದರು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅದರಲ್ಲಿ ದಾಟಲು ಸುಮಾರು 16 ಗಂಟೆ ಹಿಡಿಯಿತು. ಕಾರಣವನ್ನು ವಿಲಿಯಂ ಥಾಮ್ಸನ್ ಕೆಲವು ವರ್ಷಗಳ ಮೊದಲೇ ಲೆಕ್ಕಹಾಕಿ ತೋರಿಸಿದ್ದರು. ಒಳಗೆ ತಾಮ್ರ, ಹೊರಗೆ ಉಪ್ಪುನೀರು, ನಡುವೆ ಗಟ್ಟಾಪರ್ಚಾ ಹೊದಿಕೆ: ಇಡೀ ಕೇಬಲ್ಲೇ ಒಂದು ಕೆಪಾಸಿಟರ್. ಪ್ರತಿ ಸಂಕೇತವೂ ಅದನ್ನು ತುಂಬಿ ಬರಿದು ಮಾಡಬೇಕು. ಉದ್ದ ಎರಡರಷ್ಟಾದರೆ ವಿಳಂಬ ನಾಲ್ಕರಷ್ಟು.

ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಅವರು ಸುಮಾರು 2000 ವೋಲ್ಟ್ ಒತ್ತಡ ಹಾಕಿದರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಮೂಕವಾಯಿತು. ಥಾಮ್ಸನ್ ಹಿಡಿದದ್ದು ಬೇರೆ ದಾರಿ. ಪುಟ್ಟ ಕನ್ನಡಿಯೊಂದು ತುಸು ತಿರುಗಿದರೂ ಬೆಳಕಿನ ಚುಕ್ಕೆ ಎದ್ದು ಸರಿಯುವಂಥ ಗ್ಯಾಲ್ವನೋಮೀಟರ್ ಅವರದು. ಅತಿ ಕ್ಷೀಣ ಸಂಕೇತವನ್ನೂ ಅದು ಓದುತ್ತಿತ್ತು. ದಪ್ಪ ತಾಮ್ರದ 1866ರ ಕೇಬಲ್ ಗೆದ್ದಾಗ ಆ ಉಪಕರಣವೂ ಜೊತೆಗಿತ್ತು.

ಶತಮಾನ ಕಳೆದ ಮೇಲೆ ಇದೇ ಕವಲುದಾರಿ ಮತ್ತೆ ಎದುರಾಯಿತು. 1960ರ ದಶಕದ ಆರ್‌ಎಸ್-232 ಪದ್ಧತಿಯಲ್ಲಿ ಸಂಕೇತ 15 ವೋಲ್ಟ್‌ವರೆಗೂ ಏರುತ್ತದೆ. ಆದರೂ ಅದಕ್ಕೆ ಹೇಳಿದ ದೂರ ಸುಮಾರು 15 ಮೀಟರ್ ಮಾತ್ರ. ವೋಲ್ಟೇಜನ್ನು ಎರಡೂ ತುದಿಗೆ ಸಾಮಾನ್ಯವಾದ ಗ್ರೌಂಡ್‌ಗೆ ಹೋಲಿಸಿ ಅಳೆಯುವುದರಿಂದ ದಾರಿಯ ಗದ್ದಲವೂ ಲೆಕ್ಕಕ್ಕೆ ಸೇರಿಬಿಡುತ್ತದೆ. 1983ರ ಆರ್‌ಎಸ್-485ರಲ್ಲಿ ಹೆಣೆದ ಎರಡು ತಂತಿಗಳಿವೆ. ಒಂದರ ವೋಲ್ಟೇಜ್ ಏರಿದಾಗ ಇನ್ನೊಂದರದು ಇಳಿಯುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುವುದರಿಂದ, ವ್ಯತ್ಯಾಸ ತೆಗೆದರೆ ಅದು ಕಳೆದುಹೋಗುತ್ತದೆ. ಸ್ವೀಕರಿಸುವ ಕಡೆ 0.2 ವೋಲ್ಟ್ ವ್ಯತ್ಯಾಸ ಉಳಿದರೂ ಸಾಕು. ಸೆಕೆಂಡಿಗೆ ಒಂದು ಲಕ್ಷ ಬಿಟ್ ವೇಗದಲ್ಲಿ ಸುಮಾರು 1200 ಮೀಟರ್ ದಾಟುತ್ತದೆ.

ವೇಗ ಹೆಚ್ಚಿಸಿದರೆ ಮಾತ್ರ ದೂರ ಕುಗ್ಗಲೇಬೇಕು. ಸೆಕೆಂಡಿಗೆ ಒಂದು ಕೋಟಿ ಬಿಟ್ ಎಂದರೆ ಹತ್ತು-ಹನ್ನೆರಡು ಮೀಟರಿನ ಮಾತು. ತಂತಿಗೆ ಬಲವಂತ ಒಗ್ಗುವುದಿಲ್ಲ. ವೈಟ್‌ಹೌಸ್ ಕೂಗನ್ನು ನಂಬಿದರು, ಥಾಮ್ಸನ್ ಕಿವಿಯನ್ನು ನಂಬಿದರು. ಪ್ರಯೋಗಾಲಯದಲ್ಲಿ ಹೆಣೆದ ತಂತಿಯನ್ನು ಚಿಪ್ಪಿಗೆ ಜೋಡಿಸುವಾಗಲೆಲ್ಲ, ಇಷ್ಟು ಸರಳವಾಗಿ ಕಾಣುವ ಆಯ್ಕೆಗೆ ಒಂದು ಇಡೀ ಕೇಬಲ್ ಕಡಲಪಾಲಾಯಿತಲ್ಲ ಎನಿಸುತ್ತದೆ.